ಸದ್ದಿಲ್ಲದ ಕೊಡೆಯ ಹಸೈನಾರ್

ಬೆಳಿಗ್ಗೆ ಆರು ಗಂಟೆ. ವಾಮದಪದವಿನ ಪೇಟೆಯಲ್ಲಿ ಹೋಟೆಲಿನ ಒಲೆಯೊಂದನ್ನು ಬಿಟ್ಟರೆ ಬೇರೇನೂ ಎದ್ದಿಲ್ಲ. ಬಸ್ಸು ನಿಲ್ಲುವ ಜಾಗದ ಎದುರಿನ ಸಣ್ಣ ಅಂಗಡಿಯ ಜಗಲಿಯಲ್ಲಿ ಒಬ್ಬರು ಕೊಡೆ ಬಿಡಿಸಿಕೊಂಡು ಸ್ಟೂಲಿನ ಮೇಲೆ ಕೂತಿದ್ದಾರೆ. ತಲೆಯ ಮೇಲೆ, ಮಾಡಿನ ಪಕ್ಕಾಸಿನ ಮರಕ್ಕೆ ಒಂದು ಹಳೆಯ ಎಣ್ಣೆ ಡಬ್ಬ ನೇತಾಡುತ್ತಿದೆ. ಅದರ ತಳದಲ್ಲಿ ಆಣಿಯಿಂದ ಹೊಡೆದ ನೂರಾರು ತೂತುಗಳು. ಡಬ್ಬದಿಂದ ನೀರು ಕೊಡೆಯ ಮೇಲೆ ಸುರಿಯುತ್ತಿದೆ, ಕೆಳಗೆ ಕೂತವರು ಕಣ್ಣು ಮುಚ್ಚಿಕೊಂಡಿದ್ದಾರೆ.

ಹಾಲಿನ ಕ್ಯಾನು ಹಿಡಿದು ಸೊಸೈಟಿಗೆ ಹೊರಟ ನೋಣಯ್ಯ ಒಂದು ಗಳಿಗೆ ನಿಲ್ಲುತ್ತಾರೆ. ಮಳೆ ಬರುವ ಊರಿನಲ್ಲಿ ಕೊಡೆಗೆ ನೀರು ಹಾಕಿ ಬೆಳೆಸುವವರು ಇವರೊಬ್ಬರೇ ಎಂದು, ಪೇಪರಿಗೆ ಬರೆಯಲು ಬಂದ ನನಗೆ ಕೇಳುವಷ್ಟು ಜೋರಾಗಿ ಹೇಳಿ, ನಕ್ಕು ಮುಂದೆ ಹೋಗುತ್ತಾರೆ. ಕೂತವರು ಕಣ್ಣು ತೆರೆಯುವುದಿಲ್ಲ. ಎರಡು ಮಾರು ದೂರದ ಹಲಗೆಯ ಮೇಲೆ ಹಳೆಯ ಅಲಾರಂ ಗಡಿಯಾರವೊಂದಿದೆ. ಸುರಿಯುವ ನೀರಿನಡಿಯಲ್ಲಿ ಕೂತು ಅದರ ಟಿಕ್ ಟಿಕ್ ಕೇಳಿದರೆ ಕೊಡೆ ಪಾಸು. ಕೇಳದಿದ್ದರೆ ಬಿಚ್ಚಿ ಮತ್ತೆ ಹೊಲಿಯಬೇಕು.

ಇವರು ಹಸೈನಾರ್. ವಯಸ್ಸು ಐವತ್ತೇಳು. ಮೂವತ್ತು ವರ್ಷದಿಂದ ಇದೇ ಜಗಲಿಯಲ್ಲಿ ಕೊಡೆ ರಿಪೇರಿ ಮಾಡುತ್ತಾರೆ. ಅಂಗಡಿಗೆ ಬೋರ್ಡಿಲ್ಲ, ಫೋನಿಲ್ಲ. ಆದರೆ ಬೆಳ್ತಂಗಡಿಯಿಂದ, ಕಲ್ಲಡ್ಕದಿಂದ, ಅತ್ತ ಮಿಜಾರಿನಿಂದ ಕಣ್ಣು ಕಾಣದವರು ಇವರನ್ನು ಹುಡುಕಿಕೊಂಡು ಬರುತ್ತಾರೆ. ಅವರ ಕೋಲು, ಅವರ ಕೊಡೆ, ಅವರ ಚಹಾದ ಲೋಟಕ್ಕೊಂದು ಬೆಂಡಿನ ತುಂಡು, ಎಲ್ಲ ಇಲ್ಲಿಯೇ ತಯಾರಾಗುತ್ತದೆ.

ಕೊನೆಗೂ ಕಣ್ಣು ತೆರೆದು, ಕೊಡೆ ಮಡಚಿ, ಹಸೈನಾರ್ ಆಕಾಶ ನೋಡುತ್ತಾರೆ. ಮೋಡ ಉಂಟು, ಮಳೆ ಇಲ್ಲ. ಇವತ್ತು ಮಳೆ ಬರಬೇಕು ಎನ್ನುತ್ತಾರೆ. ಕೊಡೆ ರಿಪೇರಿಯವನಿಗೆ ಮಳೆ ಬೇಕಾಗುವುದರಲ್ಲಿ ಆಶ್ಚರ್ಯವೇನು ಎಂದು ನಾನು ಕುಟುಕಿದೆ. ಅವರು ನಗಲಿಲ್ಲ.

"ಅದಕ್ಕಲ್ಲ. ನನ್ನ ತಂಗಿ ರುಕಿಯಾ ಇವತ್ತು ಹತ್ತು ಗಂಟೆಗೆ ಗಂಜಿ ತರ್ತೇನೆ ಅಂದಿದ್ದಾಳೆ. ಒಬ್ಬಳೇ. ಮಳೆ ಬಂದರೂ ಬರ್ತೇನೆ ಅಂದಿದ್ದಾಳೆ. ಅವಳಿಗೆ ಈಗ ನಲವತ್ತೊಂಬತ್ತು. ಮಳೆಯಲ್ಲಿ ಒಬ್ಬಳೇ ಹೊರಗೆ ಬಂದದ್ದು ಈವರೆಗೆ ಒಂದು ದಿನ ಇಲ್ಲ."

ರುಕಿಯಾ ಅವರಿಗೆ ನಾಲ್ಕನೆಯ ವಯಸ್ಸಿನಲ್ಲಿ ಸಿಡುಬು ಬಂತು, ಎರಡೂ ಕಣ್ಣು ಹೋಯಿತು. ಮನೆಯಿಂದ ಅಂಗಡಿಗೆ ಅರ್ಧ ಮೈಲಿ. ಮೊದಲು ಮುರಕಲ್ಲಿನ ಓಣಿ, ನಡುವೆ ತೋಡಿನ ನೀರು ದಾಟಲು ಸಂಕವೆಂಬ ಮರದ ಕಾಲುಸೇತುವೆ, ಕೊನೆಗೆ ಡಾಂಬರು ರಸ್ತೆ, ಅದನ್ನು ದಾಟಿದರೆ ಅಂಗಡಿ. ಬೇಸಿಗೆಯಲ್ಲಿ ಈ ದಾರಿ ಅವರಿಗೆ ಅಂಗೈಯಷ್ಟು ಪರಿಚಯ. ದಿನಾ ಹತ್ತು ಗಂಟೆಗೆ ಅಣ್ಣನ ಗಂಜಿ ಅವರ ಕೈಯಲ್ಲಿಯೇ ಬರುತ್ತದೆ. ಜೂನ್ ಹಿಡಿಯಿತೆಂದರೆ ನಿಂತಿತು. ಆಮೇಲೆ ಸೆಪ್ಟೆಂಬರ್ ಕಳೆಯುವವರೆಗೆ ಗಂಜಿ ತರುವುದು ಅತ್ತಿಗೆ ಖದೀಜ. ರುಕಿಯಾ ಒಳಗೆ ಕೂತು ಅಕ್ಕಪಕ್ಕದ ಹೆಂಗಸರು ಸುತ್ತಿದ ಬೀಡಿಗೆ ನೂಲು ಕಟ್ಟುತ್ತಾರೆ.

ಜಾರಿ ಬಿದ್ದೇನೆಂಬ ಹೆದರಿಕೆ ಎಂದು ಮನೆಯವರೆಲ್ಲ ತಿಳಿದಿದ್ದರು. ಹಸೈನಾರರೂ ಹಾಗೆಯೇ ತಿಳಿದಿದ್ದರು. ಆ ತಿಳಿವಳಿಕೆ ತಪ್ಪು ಎಂದು ಗೊತ್ತಾಗಲು ಅವರಿಗೆ ಬಹಳ ವರ್ಷ ಬೇಕಾಯಿತು.

ಹಸೈನಾರರ ತಂದೆ ಹೆಗಲಿಗೆ ಚೀಲ ಹಾಕಿಕೊಂಡು ಮನೆಮನೆಗೆ ಹೋಗಿ ಕೊಡೆ ರಿಪೇರಿ ಮಾಡುತ್ತಿದ್ದವರು. ಮಗ ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಚೀಲ ಹಿಡಿದ. ಮಳೆಗಾಲ ನಾಲ್ಕು ತಿಂಗಳು ಕೊಡೆ, ಉಳಿದಂತೆ ಸ್ಟೌವು, ಟಾರ್ಚು, ಪೆಟ್ರೋಮ್ಯಾಕ್ಸು. ಜೂನ್ ತಿಂಗಳಲ್ಲಿ ದಿನಕ್ಕೆ ನಲವತ್ತು ಕೊಡೆ ಕೈದಾಟುತ್ತದೆ. ಊಟಕ್ಕೆ ಏಳಲೂ ಪುರುಸೊತ್ತಿಲ್ಲ, ಅದಕ್ಕೇ ಗಂಜಿ ಅಂಗಡಿಗೆ ಬರುವುದು.

ತೊಂಬತ್ತೆರಡನೇ ಇಸವಿಯಲ್ಲಿ ಬಂಟ್ವಾಳದಲ್ಲಿ ಒಂದು ಕಣ್ಣಿನ ಶಿಬಿರ ನಡೆದಾಗ ರುಕಿಯಾ ಅವರಿಗೆ ಮಡಚುವ ಬಿಳಿ ಕೋಲು ಸಿಕ್ಕಿತು. ಸಿಮೆಂಟಿನ ಫುಟ್‌ಪಾತಿಗೆ ಮಾಡಿದ ಕೋಲು ಅದು. ಅದರ ರಬ್ಬರು ತುದಿ ನಮ್ಮ ಕೆಂಪು ಕೆಸರಿನಲ್ಲಿ ಹೂತುಕೊಳ್ಳುತ್ತಿತ್ತು. ಎಂಟೇ ದಿನಕ್ಕೆ ಮುರಿಯಿತು. ಅಣ್ಣ ಅದಕ್ಕೆ ಹಳೆಯ ಕೊಡೆಯ ದಂಡ ಜೋಡಿಸಿದರು. ತುದಿಗೆ ತೆಂಗಿನ ಗೆರಟೆಯ ಚಿಪ್ಪನ್ನು ಉಜ್ಜಿ ಉಜ್ಜಿ ನಯ ಮಾಡಿ, ಲಿಂಬೆಯಷ್ಟು ಗಾತ್ರದ ಗುಂಡು ಕೂರಿಸಿದರು. ಗೆರಟೆ ಕೆಸರಿನಲ್ಲಿ ಹೂಳುವುದಿಲ್ಲ, ಜಾರಿಕೊಂಡು ಹೋಗುತ್ತದೆ. ಅದಕ್ಕಿಂತ ದೊಡ್ಡ ಲಾಭ ಅವರಿಗೆ ಆಮೇಲೆ ತಿಳಿಯಿತು. ಮುರಕಲ್ಲಿಗೆ ತಾಗಿದರೆ ಒಂದು ಸದ್ದು, ಡಾಂಬರಿಗೆ ಇನ್ನೊಂದು, ಸಂಕದ ಮರಕ್ಕೆ ಮತ್ತೊಂದು.

"ಕೋಲು ಮಾತಾಡ್ತದೆ" ಎಂದು ರುಕಿಯಾ ಮೊದಲ ದಿನವೇ ಹೇಳಿದ್ದರಂತೆ. ಆ ಮಾತು ಹಸೈನಾರರಿಗೆ ಇವತ್ತಿಗೂ ಯಾವ ಸನ್ಮಾನಕ್ಕಿಂತ ಹೆಚ್ಚು. ಸನ್ಮಾನ ಯಾರೂ ಮಾಡಿಲ್ಲ ಎಂಬುದು ಬೇರೆ ವಿಷಯ.

ಸುದ್ದಿ ಬಾಯಿಂದ ಬಾಯಿಗೆ ಹೋಯಿತು. ಇದುವರೆಗೆ ಎಪ್ಪತ್ತೊಂದು ಕೋಲು ಇವರ ಕೈಯಿಂದ ಹೋಗಿದೆ. ಲೋಟದ ಬೆಂಡೂ ಹಾಗೆಯೇ ಹುಟ್ಟಿದ್ದು. ಕೊಡೆಯ ಕಡ್ಡಿಯ ಸಣ್ಣ ತುಂಡಿಗೆ ಬೆಂಡು ಚುಚ್ಚಿ ಲೋಟದ ಅಂಚಿಗೆ ಸಿಕ್ಕಿಸುತ್ತಾರೆ. ಚಹಾ ತುಂಬುತ್ತಾ ಬಂದ ಹಾಗೆ ಬೆಂಡು ಏಳುತ್ತದೆ, ಕಡ್ಡಿ ಬಂದು ಬೆರಳಿಗೆ ತಾಗುತ್ತದೆ. ಸಾಕು ಎಂದು ಲೋಟವೇ ಹೇಳಿದಂತೆ. ಹೀಗೆ ಮಾಡಿದ್ದಕ್ಕೆ ಎಷ್ಟು ತೆಗೆದುಕೊಳ್ಳುತ್ತೀರಿ ಎಂದು ಕೇಳಿದರೆ ಹಸೈನಾರ್ ಗಡಿಯಾರದ ಕಡೆ ನೋಡಿ ಬೇರೆ ಮಾತು ತೆಗೆಯುತ್ತಾರೆ.

ಒಂದೊಂದು ಕೋಲನ್ನೂ ಅವರು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ತಾವೇ ಹಿಡಿದು ನಡೆದು ನೋಡಿಯೇ ಕೊಡುತ್ತಿದ್ದರು. ಸಂಕ ದಾಟುತ್ತಿದ್ದರು, ರಸ್ತೆ ದಾಟುತ್ತಿದ್ದರು. ಪೇಟೆಯವರು ನಗುತ್ತಿದ್ದರು. ಎಲ್ಲ ಸರಿಯಾಗಿಯೇ ಇತ್ತು, ಒಂದನ್ನು ಬಿಟ್ಟು. ಈ ಪರೀಕ್ಷೆಯೆಲ್ಲ ನಡೆಯುತ್ತಿದ್ದುದು ಫೆಬ್ರವರಿ, ಮಾರ್ಚಿನಲ್ಲಿ, ಒಣ ನೆಲದ ಮೇಲೆ. ಕೊಡೆ ರಿಪೇರಿಯವನಿಗೆ ಮಳೆಗಾಲದಲ್ಲಿ ಅಂಗಡಿ ಬಿಟ್ಟು ಏಳಲಿಕ್ಕಾಗುತ್ತದೆಯೇ? ಮೂವತ್ತು ವರ್ಷ ಊರಿಗೆಲ್ಲ ಕೊಡೆ ಹೊಲಿದ ಮನುಷ್ಯ ಮಳೆಯಲ್ಲಿ ಕೊಡೆ ಹಿಡಿದು ನಡೆದದ್ದೇ ಕಡಿಮೆ. ಬೆಳಿಗ್ಗೆ ಬಂದು ಮಾಡಿನಡಿಯಲ್ಲಿ ಕೂತರೆ ಏಳುವುದು ಸಂಜೆ.

ಆರೂವರೆಗೆ ಕಾಂತಿ ಶೆಟ್ಟಿ ಬರುತ್ತಾರೆ. ಇಪ್ಪತ್ತೊಂಬತ್ತರ ಹೆಣ್ಣುಮಗಳು, ಹುಟ್ಟಿನಿಂದಲೇ ದೃಷ್ಟಿಯಿಲ್ಲ. ಮೂಡಬಿದಿರೆಯ ಒಂದು ಆಸ್ಪತ್ರೆಯಲ್ಲಿ ಟೆಲಿಫೋನ್ ಆಪರೇಟರ್. ಸಿದ್ಧಕಟ್ಟೆ ದಾರಿಯ ಬಸ್ಸಿಗೆ ಇನ್ನೂ ಹತ್ತು ನಿಮಿಷವಿದೆ. ಮಡಚಿದ ಕೊಡೆಯನ್ನು ಹಸೈನಾರರ ಕೈಗೆ ಕೊಟ್ಟು, ಬಲಗಡೆ ಮೂರನೇ ಕಡ್ಡಿಯ ಹತ್ತಿರ ಒಂದು ಹನಿ ಕಿವಿಯ ಪಕ್ಕದಲ್ಲೇ ಬೀಳುತ್ತದೆ, ನೋಡಿ ಕಾಕ ಎನ್ನುತ್ತಾರೆ. ಬ್ಯಾರಿ ಮಾತಿನಲ್ಲಿ ಕಾಕ ಎಂದರೆ ಅಣ್ಣ, ಊರಿಗೆಲ್ಲ ಇವರು ಕಾಕನೇ. ಕಾಕ ಸೂಜಿ ತೆಗೆದು ಎರಡು ಹೊಲಿಗೆ ಹಾಕಿ ಹನಿಯನ್ನು ಹಿಂದಕ್ಕೆ ತಿರುಗಿಸುತ್ತಾರೆ. ಈ ಹೆಣ್ಣುಮಗಳೇ ಮೂರು ವರ್ಷದ ಹಿಂದೆ ಹಸೈನಾರರ ತಪ್ಪನ್ನು ತೋರಿಸಿಕೊಟ್ಟವರು.

ಎರಡು ಸಾವಿರದ ಒಂದನೇ ಇಸವಿಯ ಜನವರಿಯಲ್ಲಿ ಕಾಂತಿಗೆ ಕೆಲಸ ಸಿಕ್ಕಿತು. ಹಸೈನಾರರ ಕೋಲು ಹಿಡಿದು ಐದು ತಿಂಗಳು ಒಬ್ಬರೇ ಹೋಗಿ ಬಂದರು. ಜೂನ್ ಬಂತು. ಹಸೈನಾರ್ ತಮ್ಮ ಕೈಯಾರೆ ಹೊಲಿದ ಹೊಸ ಕೊಡೆಯೊಂದನ್ನು ಪ್ರೀತಿಯಿಂದ ಕೊಟ್ಟರು. ಇವರ ಕೊಡೆಯ ಹೆಸರಿದ್ದದ್ದೇ ಬಿಗಿಗೆ. ಬಟ್ಟೆ ಚೆಂಡೆಯ ಹಾಗೆ ಎಳೆದು ಕೂತಿರಬೇಕು, ಬೆರಳಿನಿಂದ ಬಡಿದರೆ ಟಣ್ ಎನ್ನಬೇಕು. ಸಡಿಲ ಕೊಡೆ ಸೋಮಾರಿಯ ಕೊಡೆ ಎಂದು ಅವರ ತಂದೆ ಹೇಳುತ್ತಿದ್ದರಂತೆ.

ಆ ಕೊಡೆ ಹಿಡಿದು ಹೊರಟ ಮೂರನೆಯ ದಿನ ಕಾಂತಿ ರಸ್ತೆ ದಾಟುವಾಗ ಒಂದು ಜೀಪು ಮೈಮೇಲೆ ಬಂದಂತೆ ಬಂದು ಬ್ರೇಕು ಹಾಕಿ ನಿಂತಿತು. ಒಂದು ಗೇಣು ಉಳಿದಿತ್ತು. ಅಣ್ಣ ನಿತ್ಯಾನಂದ ಶೆಟ್ಟರು ಅವತ್ತೇ ತೀರ್ಮಾನ ಮಾಡಿದರು. ಮಳೆಗಾಲ ಮುಗಿಯುವವರೆಗೆ ಕೆಲಸ ಬೇಡ, ಆಮೇಲೆ ನೋಡುವ. ಆಸ್ಪತ್ರೆಯವರು ಒಳ್ಳೆಯವರು, ಒಂದು ವಾರ ಕಾಯುತ್ತೇವೆಂದರು. ನಾಲ್ಕು ತಿಂಗಳು ಫೋನು ಎತ್ತುವವರಿಲ್ಲದೆ ಯಾವ ಆಸ್ಪತ್ರೆ ನಡೆಯುತ್ತದೆ?

ಕಾಂತಿ ಅಂಗಡಿಗೆ ಬಂದು ಕೊಡೆ ವಾಪಸು ಕೊಟ್ಟರು. ಆ ಮಾತನ್ನು ನನಗಾಗಿ ಇನ್ನೊಮ್ಮೆ ಹೇಳುತ್ತಾರೆ: "ಕೋಲು ಸರಿ ಉಂಟು ಕಾಕ. ಕೊಡೆ ಬೇಡ. ಇದರ ಅಡಿಯಲ್ಲಿ ನನಗೆ ಕಿವಿ ಕೇಳುವುದಿಲ್ಲ. ಕಣ್ಣಿಲ್ಲದವಳು ಕಿವಿಯನ್ನೂ ಮುಚ್ಚಿಕೊಂಡು ಹೇಗೆ ರಸ್ತೆ ದಾಟುದು?"

ಹಸೈನಾರರಿಗೆ ಸಿಟ್ಟು ಬಂತು. ಅದನ್ನು ಅವರೇ ಒಪ್ಪಿಕೊಳ್ಳುತ್ತಾರೆ. ತಾನು ಕಟ್ಟಿದ್ದರಲ್ಲಿ ಅತಿ ಒಳ್ಳೆಯ ಕೊಡೆ ಅದು, ಈ ಹುಡುಗಿಗೆ ಬೆಲೆ ಗೊತ್ತಿಲ್ಲ ಎನಿಸಿತು. ಕುಣಿಯಲಾರದವಳಿಗೆ ನೆಲ ಡೊಂಕು ಎಂದೂ ಮನಸ್ಸಿನಲ್ಲಿ ಅಂದುಕೊಂಡರಂತೆ. ಕಾಂತಿ ಜಗಳಾಡಲಿಲ್ಲ. ಒಮ್ಮೆ ಕಣ್ಣಿಗೆ ಬಟ್ಟೆ ಕಟ್ಟಿ ಈ ಮಳೆಯಲ್ಲಿ ನಿಂತು ನೋಡಿ ಎಂದಷ್ಟೇ ಹೇಳಿ, ಬೆಂಚಿನ ಮೇಲೆ ಕೂತುಬಿಟ್ಟರು.

ಮೂವತ್ತೆಂಟು ಕೊಡೆ ರಿಪೇರಿಗೆ ಕಾಯುತ್ತಿತ್ತು. ಹಸೈನಾರ್ ಎದ್ದರು. ಕಣ್ಣಿಗೆ ಬಟ್ಟೆ ಕಟ್ಟಿ, ಒಂದು ಕೈಯಲ್ಲಿ ತಮ್ಮದೇ ಕೋಲು, ಇನ್ನೊಂದರಲ್ಲಿ ತಮ್ಮದೇ ಕೊಡೆ ಹಿಡಿದು ಅಂಗಳಕ್ಕಿಳಿದರು.

"ಅಲ್ಲಿ ಬಸ್ಸು ನಿಂತಿತ್ತು, ಇಂಜಿನು ಓಡ್ತಾ ಇತ್ತು. ಯಾವ ಕಡೆ ಅಂತ ನನಗೆ ಗೊತ್ತಾಗ್ಲಿಲ್ಲ. ಕೋಲು ಬಡಿದೆ, ಅದು ಡಾಂಬರಾ ಮಣ್ಣಾ ಅಂತ ಕೇಳ್ಲಿಲ್ಲ. ತಲೆಯ ಮೇಲೆ ಯಾರೋ ಚೆಂಡೆ ಬಡಿದ ಹಾಗೆ. ಮಾತಾಡುವ ಕೋಲು ಮಾಡಿದವ ನಾನೇ. ಅದು ಮಾತಾಡಿದ್ದು ಕೇಳದ ಹಾಗೆ ಮಾಡಿದವನೂ ನಾನೇ. ಹತ್ತು ಹೆಜ್ಜೆ ಹೋಗಿ ಹಾಲಿನ ಸೊಸೈಟಿಯ ಗೋಡೆಗೆ ಹಣೆ ಕುಟ್ಟಿದೆ."

ಹಣೆಗಿಂತ ಹೆಚ್ಚು ನೋವಾದದ್ದು ಇನ್ನೊಂದು ಕಡೆ. ಬಟ್ಟೆ ಬಿಚ್ಚಿದಾಗ ಅವರಿಗೆ ನೆನಪಾದದ್ದು ಕಾಂತಿಯಲ್ಲ, ಮನೆಯಲ್ಲಿ ಬೀಡಿಗೆ ನೂಲು ಕಟ್ಟುತ್ತಾ ಕೂತ ರುಕಿಯಾ. ದೀಪದ ಬುಡದಲ್ಲೇ ಕತ್ತಲೆ ಎನ್ನುವುದನ್ನು ನಾವು ಎಷ್ಟು ಸಲೀಸಾಗಿ ಹೇಳಿಬಿಡುತ್ತೇವೆ.

ಆ ವಾರ ಅಂಗಡಿಯಲ್ಲಿ ಮಾಮೂಲು ಕೆಲಸ ನಡೆಯಲಿಲ್ಲ. ರೈನ್‌ಕೋಟು ಸಾಲದೇ ಎಂದು ನಾನೂ ಕೇಳಿದೆ, ಆಗ ಎಲ್ಲರೂ ಕೇಳಿದ್ದರು. ಟೊಪ್ಪಿ ಹಾಕಿದರೆ ಅದು ಕಿವಿಯ ಪಕ್ಕದಲ್ಲೇ ಸರಸರ ಎನ್ನುತ್ತದೆ, ಹಾಕದಿದ್ದರೆ ತಲೆ ಒದ್ದೆ. ನೋಣಯ್ಯ ತಮ್ಮ ಅಡಿಕೆ ಹಾಳೆಯ ಮುಟ್ಟಾಳೆ ಟೊಪ್ಪಿ ತಂದುಕೊಟ್ಟರು. ಹಾಳೆಯ ಮೇಲೆ ಮಳೆ ಬಿದ್ದಾಗ ಬುರುಡೆಯೊಳಗೇ ಬಡಿದಂತಾಯಿತು. ಹಸೈನಾರ್ ಕೊನೆಗೆ ತಾವು ಜನ್ಮದಲ್ಲಿ ಮಾಡದ ಕೆಲಸ ಮಾಡಿದರು. ಕೊಡೆಯ ಹೊಲಿಗೆ ಬಿಚ್ಚಿ ಬಟ್ಟೆಯನ್ನು ಬೇಕೆಂದೇ ಸಡಿಲ ಬಿಟ್ಟರು. ತಂದೆಯ ಮಾತು ನೆನಪಾಗಿ ಮೊದಲ ಹೊಲಿಗೆಯನ್ನು ಎರಡು ಸಲ ಮತ್ತೆ ಹಾಕಿ ಬಿಚ್ಚಿದರಂತೆ.

ಸದ್ದು ಅರ್ಧ ತಗ್ಗಿತು. ಆದರೆ ಸಡಿಲ ಬಟ್ಟೆಯಲ್ಲಿ ನೀರು ನಿಂತು, ಒಮ್ಮೆಲೇ ಕಾಂತಿಯ ಕುತ್ತಿಗೆಯ ಮೇಲೆ ಸುರಿಯಿತು. ಕಡ್ಡಿಗಳನ್ನು ಬಗ್ಗಿಸಿ ಇಳಿಜಾರು ಹೆಚ್ಚು ಮಾಡಿದರು. ಮೇಲಿಂದ ಹಳೆಯ ಲುಂಗಿ ಹೊದಿಸಿದರು, ಅದು ನೀರು ಕುಡಿದು ಕೊಡೆಯನ್ನು ಎತ್ತಲಾಗದಂತೆ ಭಾರ ಮಾಡಿತು. ಐದನೆಯ ದಿನ ಖದೀಜ ಮನೆಯ ನೈಲಾನ್ ಸೊಳ್ಳೆಪರದೆ ಹರಿದಿದೆ, ಹೊಲಿದು ತನ್ನಿ ಎಂದು ಕೊಟ್ಟು ಕಳಿಸಿದರು. ಅದು ಮನೆಗೆ ವಾಪಸು ಹೋಗಲೇ ಇಲ್ಲ. ಬಟ್ಟೆಯಿಂದ ಒಂದು ಬೆರಳು ಮೇಲಕ್ಕೆ ಪರದೆಯನ್ನು ಎಳೆದು ಕಟ್ಟಿದರು. ದಪ್ಪ ಹನಿ ಪರದೆಗೆ ಬಿದ್ದು ಚೂರಾಗಿ, ಬಟ್ಟೆಗೆ ತಲುಪುವಾಗ ಮೆತ್ತಗಾಯಿತು. ಡಬ್ಬದ ನೀರು ಬಿಟ್ಟರು. ಟಿಕ್ ಟಿಕ್ ಕೇಳಿತು.

"ಆ ವರ್ಷ ನಮ್ಮನ್ನೆಲ್ಲ ಸೊಳ್ಳೆ ತಿಂದಿತು" ಎಂದು ಖದೀಜ ನನಗೆ ಹೇಳಿದರು. "ನಮ್ಮ ಮನೆಯ ಕೊಡೆಯೂ ಹರಿದದ್ದೇ. ಊರಿಗೆಲ್ಲ ಹೊಲಿದು ಕೊಡುವವರ ಮನೆ ಅಲ್ವಾ."

ಇನ್ನೊಂದು ತೊಡಕಿತ್ತು. ಒಂದು ಕೈಗೆ ಕೋಲು, ಇನ್ನೊಂದಕ್ಕೆ ಕೊಡೆ, ಚೀಲ ಹಿಡಿಯಲು ಮೂರನೆಯ ಕೈ ಎಲ್ಲಿಂದ ಬರಬೇಕು? ಹಳೆಯ ಶಾಲಾ ಚೀಲದ ಪಟ್ಟಿಯಿಂದ ಹೆಗಲಿಗೆ ಒಂದು ಕುಣಿಕೆ ಮಾಡಿ ಕೊಡೆಯ ದಂಡವನ್ನು ಅದರೊಳಗೆ ನಿಲ್ಲಿಸಿದರು. ಆರನೆಯ ದಿನ ಸುರಿಯುವ ಮಳೆಯಲ್ಲಿ ಕಾಂತಿ ಒಬ್ಬರೇ ರಸ್ತೆ ದಾಟಿ ಬಸ್ಸು ಹತ್ತಿದರು. ನಿತ್ಯಾನಂದ ಶೆಟ್ಟರು ಎರಡು ದಿನ ತಂಗಿಗೆ ತಿಳಿಯದಂತೆ ಹತ್ತು ಹೆಜ್ಜೆ ಹಿಂದೆ ನಡೆದರು. ಮೂರನೆಯ ದಿನ ಕಾಂತಿ ತಿರುಗಿ, ಅಣ್ಣ, ನಿಮ್ಮ ಚಪ್ಪಲಿಯ ಸದ್ದು ಕೇಳ್ತಾ ಉಂಟು, ಮನೆಗೆ ಹೋಗಿ ಎಂದರಂತೆ. ಅದನ್ನು ಹೇಳುವಾಗ ಈಗಲೂ ಅವರ ಮುಖ ಅರಳುತ್ತದೆ. ಅಷ್ಟರಲ್ಲಿ ಇವತ್ತಿನ ಬಸ್ಸು ಬಂತು. ಕಾಂತಿ ಹೋದರು.

ಅಂಥ ಕೊಡೆ ಇದುವರೆಗೆ ಇಪ್ಪತ್ತಮೂರು ಆಗಿದೆ. ಅದರಲ್ಲಿ ಎರಡನೆಯದು ರುಕಿಯಾ ಅವರದ್ದು. ಇಪ್ಪತ್ತೆರಡು ಕೊಡೆಗಳು ಮಳೆ ಕಂಡಿವೆ, ಆ ಒಂದು ಕಂಡಿಲ್ಲ. ಮೂರು ವರ್ಷದಿಂದ ಮನೆಯ ಗೋಡೆಯ ಮೊಳೆಗೆ ನೇತುಬಿದ್ದಿದೆ. ಹಿಂದಿನ ದಿನ ಮನೆಗೆ ಹೋಗಿದ್ದಾಗ ನಾನೇ ಅದನ್ನು ನೋಡಿದೆ.

ರುಕಿಯಾ ಮೆಲುದನಿಯ ಹೆಂಗಸು. ಬೆರಳುಗಳು ನೂಲು ಕಟ್ಟುತ್ತಲೇ ಇರುತ್ತವೆ. ಹೊಸ ಕೊಡೆಯನ್ನು ಯಾಕೆ ಹಿಡಿಯಲಿಲ್ಲ ಎಂದು ಕೇಳಿದರೆ, ಅಷ್ಟು ಮಳೆಗಾಲ ಒಳಗೆ ಕೂತವಳ ಕಾಲು ಹೊಸ್ತಿಲು ದಾಟುವುದನ್ನೇ ಮರೆತಿರುತ್ತದೆ ಎಂದರು. ಮೊದಲಿನ ಕೊಡೆ ಕಿವಿ ಮುಚ್ಚುತ್ತದೆಂದು ಅಣ್ಣನಿಗೆ ಅಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದೂ ಕೇಳಿದೆ. ಬೆರಳು ನಿಂತಿತು.

"ಕಾಕ ಹೊಸ ಕೊಡೆ ಕಟ್ಟಿದ ದಿನ ಮನೆಗೆ ತಂದು, ನನ್ನ ಕಿವಿಯ ಹತ್ತಿರ ಹಿಡಿದು ಬೆರಳಿನಲ್ಲಿ ಬಡಿದು ತೋರಿಸ್ತಿದ್ದ. ಕೇಳು ರುಕಿಯಾ, ಎಷ್ಟು ಬಿಗಿ ಉಂಟು ಅಂತ. ಕಣ್ಣಿಲ್ಲದ ನನಗೆ ಅವನ ಕೆಲಸ ತೋರಿಸಲಿಕ್ಕೆ ಅದೊಂದೇ ದಾರಿ. ಅದೇ ಸದ್ದು ನನಗೆ ಆಗುವುದಿಲ್ಲ ಅಂತ ನಾನು ಹೇಗೆ ಹೇಳುದು?"

ಪೆನ್ನು ಮುಚ್ಚಿ ಕೂತೆ. ಅಣ್ಣನ ಹೆಮ್ಮೆಗೆ ಪೆಟ್ಟಾಗಬಾರದೆಂದು ಒಬ್ಬಾಕೆ ವರ್ಷಕ್ಕೆ ನಾಲ್ಕು ತಿಂಗಳು ಮನೆಯೊಳಗೆ ಉಳಿದರು. ತಂಗಿ ಜಾರಬಾರದೆಂದು ಅಣ್ಣ ಕೋಲಿನ ಮೇಲೆ ಕೋಲು ಮಾಡುತ್ತಾ ಹೋದರು. ಇಬ್ಬರದೂ ಪ್ರೀತಿಯೇ. ಒಂದು ಮಾತು ಆಡಿದ್ದರೆ ಮುಗಿಯುತ್ತಿತ್ತು.

ಈ ವರ್ಷ ಏನಾಯಿತೆಂದರೆ, ಖದೀಜ ಅವರಿಗೆ ಮೊಣಕಾಲು ನೋವು ಬಂತು. ಗಂಜಿ ತರುವವರಿಲ್ಲ. ಹೋಟೆಲಿನಲ್ಲಿ ಏನಾದರೂ ತಿನ್ನುತ್ತೇನೆ ಎಂದರು ಹಸೈನಾರ್. ಅದಕ್ಕೆ ರುಕಿಯಾ ಒಪ್ಪಲಿಲ್ಲ, ನಾನೇ ತರುತ್ತೇನೆ ಎಂದರು. ಒಂದು ಷರತ್ತು ಹಾಕಿದರು. ಅಣ್ಣ ದಾರಿಗೆ ಬರಬಾರದು, ತಿರುಗಿಯೂ ನೋಡಬಾರದು. ಯಾರಾದರೂ ನೋಡುತ್ತಿದ್ದಾರೆ ಎನಿಸಿದರೆ ಹೆಜ್ಜೆ ತಪ್ಪುತ್ತದಂತೆ. ಖದೀಜರ ನೋವು ಎಷ್ಟು ನಿಜ, ಎಷ್ಟು ಉಪಾಯ ಎಂದು ನಾನು ಕೇಳಲಿಲ್ಲ. ನಾನು ಅಲ್ಲಿದ್ದ ಒಂದು ಗಂಟೆಯಲ್ಲಿ ಅವರು ನಾಲ್ಕು ಸಲ ಬಾವಿಕಟ್ಟೆಗೆ ಹೋಗಿ ಬಂದದ್ದನ್ನು ಮಾತ್ರ ಕಂಡೆ.

ಈಗ ಒಂಬತ್ತೂವರೆ. ಪಡುವಣದಿಂದ ಒಂದು ತಣ್ಣನೆಯ ಗಾಳಿ ಬೀಸಿ, ಬೆನ್ನಿಗೇ ಮಳೆ ಹಿಡಿಯುತ್ತದೆ. ಸಣ್ಣ ಮಳೆಯಲ್ಲ, ಎದುರಿನ ಹೋಟೆಲು ಕಾಣದಷ್ಟು. ಹಸೈನಾರ್ ಎದ್ದು ಸ್ಟೂಲನ್ನು ತಿರುಗಿಸಿ ರಸ್ತೆಗೆ ಬೆನ್ನು ಹಾಕಿ ಕೂರುತ್ತಾರೆ. ನನಗೂ ಹಾಗೇ ಕೂರಲು ಹೇಳುತ್ತಾರೆ. ಇಬ್ಬರು ಗಂಡಸರು ಗೋಡೆಯ ಕ್ಯಾಲೆಂಡರನ್ನು ನೋಡುತ್ತಾ ಕೂತಿದ್ದೇವೆ. ಜೂನ್ ತಿಂಗಳಲ್ಲಿ ಮೂವತ್ತು ದಿನ ಎಂಬುದನ್ನು ನಾನು ಅಷ್ಟು ಗಮನ ಕೊಟ್ಟು ಹಿಂದೆಂದೂ ಎಣಿಸಿದ್ದಿಲ್ಲ.

ಕಾಯುವ ಬೇಸರ ಕಳೆಯಲೋ, ಹೆದರಿಕೆ ಮುಚ್ಚಲೋ, ಅವರು ನನಗೆ ತಮ್ಮ ಒಂದು ವಿದ್ಯೆ ತೋರಿಸುತ್ತಾರೆ. ಹಿಂದೆ ಯಾರೋ ಜಗಲಿಯ ಹತ್ತಿರ ಬಂದ ಸದ್ದು. ತಿರುಗದೆಯೇ, ಅದು ಪೋಸ್ಟಿನ ಮುಂಡಪ್ಪನ ಕೊಡೆ, ಒಂದು ಕಡ್ಡಿ ಸಡಿಲ ಉಂಟು ಎನ್ನುತ್ತಾರೆ. ಮುಂಡಪ್ಪ ಒಳಗೆ ಬಂದು ಕಾಗದ ಕೊಟ್ಟು ಹೋಗುತ್ತಾರೆ. ಸ್ವಲ್ಪ ಹೊತ್ತಿಗೆ ಇನ್ನೊಂದು ಕೊಡೆ. ಇದು ಮೂರು ಮಡಿಕೆಯದು, ಗಲ್ಫಿನಿಂದ ಬಂದದ್ದು, ಜೈನಬಮ್ಮನ ಮನೆಯದು ಎನ್ನುತ್ತಾರೆ. ಅದೂ ಸರಿ. ಮಾಡಿನ ಮೇಲೆ ಅಷ್ಟು ಮಳೆ ಸುರಿಯುತ್ತಿದ್ದರೂ, ಹತ್ತಿರ ಬಂದ ಕೊಡೆ ಯಾರದೆಂದು ಅವರ ಕಿವಿಗೆ ಗೊತ್ತಾಗುತ್ತದೆ. ಅಷ್ಟು ವರ್ಷದ ಅಭ್ಯಾಸ.

ಹತ್ತು ಗಂಟೆ. ಯಾರೂ ಬರಲಿಲ್ಲ. ಹತ್ತೂ ಐದು. ಬಸ್ಸೊಂದು ಹಾರ್ನು ಹೊಡೆದು ಹೋಯಿತು. ಹಸೈನಾರರ ಸೂಜಿ ಅದೇ ತೂತಿನಲ್ಲಿ ಎರಡನೆಯ ಸಲ ಹೋಗುತ್ತಿದೆ, ಅವರಿಗೆ ಅದು ತಿಳಿದಿಲ್ಲ. ಸಂಕದ ಮೇಲೆ ನೀರು ಬಂದಿರಬಹುದೇ ಎಂದು ನಾನು ಬಾಯಿ ತೆರೆದವನು ಮತ್ತೆ ಕ್ಯಾಲೆಂಡರು ನೋಡಿದೆ. ಹತ್ತೂ ಹತ್ತು. ನನಗೆ ತಡೆಯಲಿಲ್ಲ, ಒಮ್ಮೆ ನೋಡುವ ಎಂದೆ. ಬೇಡ, ಮಾತು ಕೊಟ್ಟಿದ್ದೇನೆ ಎಂದರು.

ಆಗ ನನ್ನ ಪಕ್ಕದ ಹಲಗೆಯ ಮೇಲೆ ಟಿಫಿನ್ ಕ್ಯಾರಿಯರ್ ಕೂತ ಸದ್ದಾಯಿತು.

ಇಬ್ಬರೂ ತಿರುಗಿದೆವು. ರುಕಿಯಾ ನಿಂತಿದ್ದಾರೆ. ಹೆಗಲಿನ ಪಟ್ಟಿಯಲ್ಲಿ ಕೊಡೆ, ಒಂದು ಕೈಯಲ್ಲಿ ಗೆರಟೆಯ ಕೋಲು. ಮೊಣಕಾಲಿನವರೆಗೆ ಕೆಸರು, ತಲೆವಸ್ತ್ರ ಮಾತ್ರ ಒದ್ದೆಯಾಗಿಲ್ಲ. ಮುಖದಲ್ಲಿದ್ದದ್ದನ್ನು ಬರೆಯುವ ಶಕ್ತಿ ನನಗಿಲ್ಲ. ಹಸೈನಾರ್ ಎದ್ದು, ಕೊಡೆಯನ್ನು ಪಟ್ಟಿಯಿಂದ ತೆಗೆದು, ತಂಗಿಯನ್ನು ತಮ್ಮ ಸ್ಟೂಲಿನ ಮೇಲೆ ಕೂರಿಸಿದರು.

ತಡವಾದದ್ದು ಯಾಕೆಂದು ರುಕಿಯಾ ತಾವಾಗಿಯೇ ಹೇಳಿದರು. ಅಣ್ಣನೊಡನೆ ಬ್ಯಾರಿ ಮಾತಿನಲ್ಲಿ ಹೇಳಿದ್ದನ್ನು ಆಮೇಲೆ ನನಗಾಗಿ ಕನ್ನಡದಲ್ಲಿ ಇನ್ನೊಮ್ಮೆ ಹೇಳಿದರು: "ದಾರಿ ತಪ್ಪಿದ್ದಲ್ಲ. ಸಂಕದ ಮೇಲೆ ನಿಂತಿದ್ದೆ. ತೋಡಿನಲ್ಲಿ ನೀರು ಹೋಗುದು ಕೇಳ್ತಾ ಇತ್ತು. ಕಪ್ಪೆ ಕೇಳಿತು. ಮಳೆಯ ಸದ್ದು ಮನೆಯ ಮಾಡಿನ ಮೇಲೆ, ಹಳೆಯ ಕೊಡೆಯ ಮೇಲೆ ಮಾತ್ರ ಕೇಳಿ ಗೊತ್ತು ನನಗೆ. ಅದು ಎಲೆಯ ಮೇಲೆ ಬೇರೆ, ನೀರಿನ ಮೇಲೆ ಬೇರೆ. ಸ್ವಲ್ಪ ನಿಂತೆ."

ಹಸೈನಾರ್ ಗಂಜಿಗೆ ಕೂತರು. ಗಂಜಿ ತಣ್ಣಗಾಗಿತ್ತು, ಎರಡು ಸಲ ಹಾಕಿಸಿಕೊಂಡರು. ನಾಳೆಯೂ ತರ್ತಾಳಂತೆ ಎಂದು ಯಾರಿಗೆಂದಿಲ್ಲದೆ ಹೇಳಿದರು. ನಾನು ಹೊರಡುವ ಹೊತ್ತಿಗೆ, ನಿಮ್ಮ ಬಗ್ಗೆ ಪೇಪರಿನಲ್ಲಿ ಬರುತ್ತದೆ, ಓದುಗರಿಗೆ ಏನು ಹೇಳಲಿ, ಏನಾದರೂ ಆಸೆ ಉಂಟೇ ಎಂದು ಕೇಳಿದೆ. ಅವರು ಕೈ ಒರೆಸಿಕೊಂಡರು. ಆಸೆ ಇದ್ದದ್ದು ಒಂದೇ, ಅದು ಈಗ ಸ್ಟೂಲಿನ ಮೇಲೆ ಕೂತಿದೆ ಎಂದರು. ಮತ್ತೆ, ಪೆನ್ನು ತೆಗೆಯಿರಿ ಎಂದು ಸನ್ನೆ ಮಾಡಿದರು.

"ಬರೆಯುದಾದರೆ ಇಷ್ಟು ಬರೀರಿ. ಊರಿನವರ ಎಲ್ಲ ಕೊಡೆ ಬಂದದ್ದು ನನಗೆ ಕೇಳ್ತದೆ. ನನ್ನ ತಂಗಿಯ ಕೊಡೆ ಬಂದದ್ದು ಕೇಳ್ಲಿಲ್ಲ."